ಶನಿವಾರದ ಅರ್ಧ ದಿನ

ಕನ್ನಡದ ‘ಬಿಡುವು’ ಎಂಬ ಪದ ನನಗೆ ತುಂಬ ಇಷ್ಟ. ಅದರೊಳಗೆ ‘ಬಿಡು’ ಎಂಬ ಕ್ರಿಯೆ ಕೂತಿದೆ. ಯಾವುದನ್ನಾದರೂ ಬಿಟ್ಟರೆ ಮಾತ್ರ ಬಿಡುವು. ತಾನಾಗಿಯೇ ಬಂದು ಮಡಿಲಿಗೆ ಬೀಳುವ ವಸ್ತು ಅದಲ್ಲ. ಹಾಗಾದರೆ ಬಿಡುವಿನ ಚರಿತ್ರೆ ಬರೆಯುವವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಯಾರು, ಯಾವುದನ್ನು, ಯಾರ ಹೆಗಲ ಮೇಲೆ ಬಿಟ್ಟರು?

ನಾನು ಚರಿತ್ರೆ ಪಾಠ ಹೇಳುವವನು. ವಿದ್ಯಾರ್ಥಿಗಳಲ್ಲಿ ಕತೆ ಬರೆಯುವವರಿದ್ದಾರೆ, ಚಿತ್ರ ಬಿಡಿಸುವವರಿದ್ದಾರೆ, ತಬಲಾ ಕಲಿಯಲು ಶುರುಮಾಡಿ ನಿಲ್ಲಿಸಿದವರಿದ್ದಾರೆ. ಎಲ್ಲರದೂ ಒಂದೇ ಮಾತು: ‘ವೀಕೆಂಡಲ್ಲಿ ಮಾಡೋಣ ಅಂದ್ಕೊಳ್ತೀವಿ ಸರ್, ಟೈಮೇ ಸಿಗಲ್ಲ.’ ಸೋಮಾರಿತನ ಬಿಡಿ ಎಂದು ಬುದ್ಧಿ ಹೇಳುವುದು ಸುಲಭ. ಆದರೆ ಈ ಶನಿವಾರ, ಭಾನುವಾರಗಳು ನಮ್ಮ ಕೈಗೆ ಹೇಗೆ ಬಂದವು, ಬಂದಮೇಲೆ ನಮ್ಮ ಹಿಂದಿನವರು ಅವುಗಳಲ್ಲಿ ಏನು ಮಾಡಿದರು ಎಂದು ತಿಳಿದುಕೊಂಡರೆ ಹೆಚ್ಚು ಉಪಯೋಗವಾದೀತು ಎಂದು ನನ್ನ ಎಣಿಕೆ.

ಗಡಿಯಾರಕ್ಕೂ ಕಾರ್ಖಾನೆಗೂ ಮುಂಚೆ ನಮ್ಮ ಹಳ್ಳಿಗಳಲ್ಲಿ ರಜೆ ಇರಲಿಲ್ಲವೆಂದಲ್ಲ. ಕರ್ನಾಟಕದ ಬಹಳ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಅಮಾವಾಸ್ಯೆಯ ದಿನ ಬೇಸಾಯ ಹೂಡುವುದಿಲ್ಲ. ಸಂತೆಯ ದಿನ ಊರಿಗೆ ಊರೇ ಸಂತೆಯಲ್ಲಿ. ಇದಲ್ಲದೆ ಇನ್ನೊಂದು ದೊಡ್ಡ ಬಿಡುವಿತ್ತು. ಅದು ವಾರದ್ದಲ್ಲ, ವರ್ಷದ್ದು. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಬಯಲುಸೀಮೆಯ ರೈತರು ದೊಡ್ಡಾಟಕ್ಕೆ, ಮೂಡಲಪಾಯಕ್ಕೆ ತಾಲೀಮು ಶುರುಮಾಡುತ್ತಿದ್ದರು. ಹಗಲೆಲ್ಲ ಕೂಲಿ ಮಾಡಿದವನು ರಾತ್ರಿ ಭೀಮನಾಗಿ ಗದೆ ಹಿಡಿಯುತ್ತಿದ್ದ.

ಕರಾವಳಿಯ ಲೆಕ್ಕ ಬೇರೆ. ಅಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ನಂತರ ಶುರುವಾಗಿ ಮೇ ತಿಂಗಳ ಕೊನೆಯ ಹೊತ್ತಿಗೆ ಮುಗಿಯುತ್ತದೆ. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆ. ಬಯಲಿನಲ್ಲಿ ಆಟವಾಡುವಂತಿಲ್ಲ, ಕೇಳುವವರು ಕೂರುವಂತಿಲ್ಲ. ಆದರೆ ಆ ಜನ ಸುಮ್ಮನೆ ಕೂರಲಿಲ್ಲ. ಬಣ್ಣ, ಕಿರೀಟ, ಕುಣಿತಗಳನ್ನೆಲ್ಲ ಕಳಚಿಟ್ಟು, ಮನೆಯ ಚಾವಡಿಯಲ್ಲಿ ಎದುರುಬದುರು ಕೂತು ಬರೀ ಮಾತಿನಲ್ಲಿ ಆಟ ಕಟ್ಟಿದರು. ಅದೇ ತಾಳಮದ್ದಳೆ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಆ ಪದದ ಎಳೆ ಹಿಡಿದು ಅಲ್ಲೇ ಹೊಳೆದ ಮಾತಿನಲ್ಲಿ ಕೃಷ್ಣನೂ ಕರ್ಣನೂ ಆಗುತ್ತಾರೆ. ಬಾಯಿಪಾಠ ಮಾಡಿದ ಸಂಭಾಷಣೆಯಿಲ್ಲ, ಪರದೆಯಿಲ್ಲ. ಕನ್ನಡದ ಅತ್ಯಂತ ಸೂಕ್ಷ್ಮವಾದ ವಾದಕಲೆಯೊಂದು ಮಳೆಗಾಲದ ಬಿಡುವಿನಲ್ಲಿ ಹೀಗೆ ಬೆಳೆಯಿತು.

ಈ ಬಿಡುವು ಋತುವಿಗೆ ಅಂಟಿಕೊಂಡಿತ್ತು. ಕಾರ್ಖಾನೆಗೆ ಋತುವಿಲ್ಲ. ಉಗಿಯಂತ್ರಕ್ಕೆ ಮಳೆಗಾಲವೂ ಒಂದೇ, ಸುಗ್ಗಿಯೂ ಒಂದೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಸೂರ್ಯ ಹುಟ್ಟಿದಾಗ ಶುರುವಾದ ಕೆಲಸ ಸೂರ್ಯ ಮುಳುಗಿದಾಗ ಮುಗಿಯುತ್ತಿತ್ತು. ಹಬ್ಬದ ದಿನಗಳನ್ನು ಬಿಟ್ಟರೆ ವಾರಕ್ಕೊಂದು ಖಚಿತವಾದ ರಜೆ ಇರಲಿಲ್ಲ. ಭಾನುವಾರದ ರಜೆ ಬ್ರಿಟಿಷರು ತಂದುಕೊಟ್ಟದ್ದು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಕಚೇರಿಗಳ ಮಟ್ಟಿಗೆ ಅದು ಸರಿಯಿರಬಹುದು. ಗಿರಣಿಯ ಕೂಲಿಯವರಿಗೆ ಅದನ್ನು ಯಾರೂ ತಂದುಕೊಡಲಿಲ್ಲ. ಅವರು ಕೇಳಿ, ಕಾದು, ಮತ್ತೆ ಕೇಳಿ ಪಡೆದರು.

ಆ ಹೋರಾಟದ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆ. ಜೋತಿರಾವ್ ಫುಲೆಯವರ ಸತ್ಯಶೋಧಕ ಚಳವಳಿಯ ಒಡನಾಡಿ, ‘ದೀನಬಂಧು’ ಪತ್ರಿಕೆಯ ಸಂಪಾದಕ. 1884ರಲ್ಲಿ ಸುಮಾರು 5,500 ಕಾರ್ಮಿಕರ ರುಜುವಿದ್ದ ಮನವಿಯೊಂದು ಸಿದ್ಧವಾಯಿತು. ಅದರ ಬೇಡಿಕೆಗಳಲ್ಲಿ ವಾರಕ್ಕೊಂದು ದಿನದ ಪೂರ್ತಿ ರಜೆಯೂ ಒಂದು. ಮಾಲೀಕರು ತಕ್ಷಣ ಒಪ್ಪಲಿಲ್ಲ. 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ಬಯಲಿನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಕಾರ್ಮಿಕರು ಸೇರಿದರು. ಆ ಸಭೆಯಲ್ಲಿ ಇಬ್ಬರು ಹೆಣ್ಣಾಳುಗಳೂ ಎದ್ದು ಮಾತನಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ, ಅಂದರೆ 1891ರ, ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಕಾನೂನಿನ ಪುಟಕ್ಕೆ ತಂದಿತು.

ಇಲ್ಲಿ ನಮಗೆ ಹತ್ತಿರವಾದ ಒಂದು ಸಂಗತಿಯಿದೆ. ಭಾನುವಾರವೇ ಯಾಕೆ ಎಂಬುದಕ್ಕೆ ಅದು ಖಂಡೋಬನ ವಾರ ಎಂಬ ಕಾರಣವನ್ನೂ ಲೋಖಂಡೆಯವರು ಮುಂದಿಟ್ಟರೆಂದು ಹೇಳುವುದುಂಟು. ಮಹಾರಾಷ್ಟ್ರದ ಖಂಡೋಬನೇ ನಮ್ಮ ಮೈಲಾರಲಿಂಗ. ನಮ್ಮಲ್ಲೂ ಮೈಲಾರನ ವಾರ ಭಾನುವಾರವೇ. ಇಂಗ್ಲಿಷರ ಚರ್ಚಿನ ದಿನವೂ ಕುರಿಗಾಹಿಗಳ ದೇವರ ದಿನವೂ ಒಂದೇ ಚೌಕದಲ್ಲಿ ಬಂದು ಕೂತವು. ಕ್ಯಾಲೆಂಡರಿನ ಆ ಕೆಂಪು ಅಂಕಿಯ ಹಿಂದೆ ಇಷ್ಟೊಂದು ಜನ ನಿಂತಿದ್ದಾರೆ.

ಶನಿವಾರದ ಕತೆ ಇನ್ನೂ ನಿಧಾನ. ಇಂಗ್ಲೆಂಡಿನಲ್ಲಿ 1850ರ ಕಾರ್ಖಾನೆ ಕಾಯ್ದೆ ಜವಳಿ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಿಸಿತು. ವಾರಾಂತ್ಯ ಎಂಬ ಕಲ್ಪನೆಗೆ ಬೀಜ ಬಿದ್ದದ್ದು ಈ ಅರ್ಧ ದಿನದಲ್ಲಿ. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1926ರಲ್ಲಿ ತನ್ನ ಕಾರ್ಖಾನೆಗಳಿಗೆ ವಾರಕ್ಕೆ ಐದೇ ದಿನದ ಕೆಲಸ ತಂದ. ಅದರಲ್ಲಿ ಅವನ ಲೆಕ್ಕಾಚಾರವೂ ಇತ್ತು. ಬಿಡುವಿದ್ದರೆ ತಾನೇ ಜನ ಕಾರು ಕೊಂಡು ಸುತ್ತುವುದು! ಬಿಡುವನ್ನು ಮಾರಾಟದ ಸರಕಾಗಿ ನೋಡುವ ಕಣ್ಣು ಹೊಸದಲ್ಲ.

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿ, ವಾರಕ್ಕೊಂದು ರಜೆಯನ್ನು ಕಡ್ಡಾಯ ಮಾಡಿತು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಐದು ದಿನದ ವಾರ ಬಂದದ್ದು 1985ರಲ್ಲಿ. ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ ಸಿಕ್ಕಿದ್ದು 2015ರ ಸೆಪ್ಟೆಂಬರಿನಿಂದ. ಕರ್ನಾಟಕ ಸರ್ಕಾರ 2019ರಲ್ಲಿ ನಾಲ್ಕನೆಯ ಶನಿವಾರವನ್ನೂ ರಜೆ ಮಾಡಿತು. ಆದರೆ ಅದಕ್ಕೆ ಬದಲಾಗಿ ನೌಕರರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಯಾವ ಬಿಡುವೂ ಬಿಟ್ಟಿಯಾಗಿ ಬಂದಿಲ್ಲ. ಕಟ್ಟಡದ ಕೆಲಸದವರಿಗೆ, ಮನೆಗೆಲಸದವರಿಗೆ, ಬೈಕಿನಲ್ಲಿ ನಮ್ಮ ಮನೆಗೆ ಊಟ ತರುವ ಹುಡುಗರಿಗೆ ಈ ಪಟ್ಟಿಯ ಒಂದು ಸಾಲೂ ಸರಿಯಾಗಿ ಮುಟ್ಟಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಸಿಕ್ಕ ಬಿಡುವಿನಲ್ಲಿ ಕನ್ನಡಿಗರು ಏನು ಮಾಡಿದರು? ಮೊದಲು ಕಣ್ಣಿಗೆ ಬೀಳುವುದು ನಾಟಕ. ‘ಹವ್ಯಾಸಿ’ ಎಂಬ ಪದಕ್ಕೆ ನಮ್ಮಲ್ಲಿ ಗೌರವ ತಂದದ್ದೇ ರಂಗಭೂಮಿ. ಮರಾಠಿಯಲ್ಲಿ ಹವ್ಯಾಸ ಎಂದರೆ ತೀರದ ಆಸೆ, ಗೀಳು. ಕನ್ನಡದಲ್ಲಿ ಅದು ಪಳಗಿ, ಬಿಡುವಿನ ವೇಳೆಯ ಪ್ರೀತಿಯ ಕೆಲಸವಾಯಿತು. ಆದರೂ ಗೀಳಿನ ವಾಸನೆ ಪೂರ್ತಿ ಹೋಗಿಲ್ಲ ಎಂದು ನನಗನ್ನಿಸುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ವೃತ್ತಿ ಕಂಪನಿಗಳ ಪೌರಾಣಿಕ ವೈಭವಕ್ಕೆ ಎದುರಾಗಿ ಟಿ.ಪಿ. ಕೈಲಾಸಂ ನಡುಮನೆಯ ಮಾತನ್ನು, ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡವನ್ನು ರಂಗಕ್ಕೆ ತಂದರು. ಲಂಡನ್ನಿನಲ್ಲಿ ಅವರು ಓದಿದ್ದು ಭೂವಿಜ್ಞಾನ. ಧಾರವಾಡದ ಕಡೆ ಶ್ರೀರಂಗರು ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಲೇ ನಾಟಕ ಬರೆದರು. ಆಡುವವರೂ ಹಾಗೆಯೇ. ಗುಮಾಸ್ತರು, ಮೇಷ್ಟ್ರು, ವಕೀಲರು, ವಿದ್ಯಾರ್ಥಿಗಳು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿಗೆ ದೊಡ್ಡ ಕಾರ್ಖಾನೆಗಳು ಬಂದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಪಾಳಿ ಇಷ್ಟು ಹೊತ್ತಿಗೆ ಶುರು, ಇಷ್ಟು ಹೊತ್ತಿಗೆ ಮುಗಿತು ಎಂಬುದು ಖಚಿತ. ವಾರದ ರಜೆ ಖಚಿತ. ಕಾರ್ಖಾನೆಯ ಬಸ್ಸು ಖಚಿತ. ಈ ಖಚಿತತೆಯ ಮೇಲೆ ಕನ್ನಡ ಸಂಘಗಳು, ನಾಟಕದ ತಂಡಗಳು ಎದ್ದವು. ಕೈಗೆ ಮೆತ್ತಿದ ಗ್ರೀಸ್ ತೊಳೆದುಕೊಂಡು ಸಂಜೆ ತಾಲೀಮಿಗೆ ಬರುತ್ತಿದ್ದವರು ಬೆಂಗಳೂರಿನ ಕನ್ನಡ ರಂಗಭೂಮಿಗೆ ನಟರನ್ನೂ ಪ್ರೇಕ್ಷಕರನ್ನೂ ಕೊಟ್ಟರು. 1963ರಲ್ಲಿ ರವೀಂದ್ರ ಕಲಾಕ್ಷೇತ್ರ ಬಾಗಿಲು ತೆರೆದಮೇಲೆ ಅವರಿಗೆ ಒಂದು ದೊಡ್ಡ ಅಂಗಳವೂ ಸಿಕ್ಕಿತು.

ಹಳ್ಳಿಯಲ್ಲೂ ಇದು ನಡೆಯಿತು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನವರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಹಗಲು ಅಡಿಕೆ ತೋಟ, ಸಂಜೆ ನಾಟಕ. ಅದೇ ಮುಂದೆ ನೀನಾಸಮ್ ಆಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ನಾಡಿನುದ್ದ ಸುತ್ತುವ ತಿರುಗಾಟ ಶುರುವಾದವು. 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಂಜೆಯ ಹವ್ಯಾಸವೊಂದು ನಾಲ್ಕು ದಶಕದಲ್ಲಿ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಒಂಟಿಯಾಗಿ ಕೂತು ಬರೆದವರ ಸಾಲೂ ಉದ್ದವಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರು ತಿರುಗುತ್ತಿದ್ದವರು. ‘ಕೆಲವು ಸಣ್ಣ ಕತೆಗಳು’ 1920ರಲ್ಲಿ ಬಂದಾಗ ಅವರು ನೌಕರಿಯಲ್ಲೇ ಇದ್ದರು. ಕತೆಗೆ ‘ಶ್ರೀನಿವಾಸ’ ಎಂಬ ಇನ್ನೊಂದು ಹೆಸರು. 1942ರ ‘ಮೈಸೂರು ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಗುಮಾಸ್ತರು. ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ಪಾಲಿಮರ್ ತಜ್ಞರು. ಅಲ್ಲಿಂದಲೇ ಉತ್ತರ ಕನ್ನಡದ ಹನೇಹಳ್ಳಿಯನ್ನು ಬರೆದರು. 1979ರ ‘ಶಿಕಾರಿ’ಯಲ್ಲಂತೂ ಕಂಪನಿಯ ಕೋಣೆಗಳ ಭಯ, ಸಂಚು, ಒಂಟಿತನಗಳೇ ಕಾದಂಬರಿಯಾದವು. ನೌಕರಿ ಇವರ ಬರವಣಿಗೆಯ ಹೊತ್ತನ್ನು ತಿಂದದ್ದು ನಿಜ. ಬರೆಯುವುದಕ್ಕೆ ಸರಕು ಕೊಟ್ಟದ್ದೂ ಅದೇ ನೌಕರಿ. ಮಾಸ್ತಿಯವರಿಗೆ ಅಷ್ಟು ಬಗೆಯ ಜನ ಸಿಕ್ಕಿದ್ದು ಅವರ ತಿರುಗಾಟದಲ್ಲಿ. ಕೆಲಸ ಬಿಟ್ಟಮೇಲೆ ಬರೆಯುತ್ತೇನೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಈ ಸಾಲಿನ ಕೊನೆಯಲ್ಲಿ, ಯಾವ ಪುಸ್ತಕದಲ್ಲೂ ಹೆಸರಿಲ್ಲದ ಒಬ್ಬರನ್ನು ಸೇರಿಸುತ್ತೇನೆ. ನನ್ನ ಅಪ್ಪ. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳೆಲ್ಲ ಅಲ್ಲೇ ಹುಟ್ಟಿದವು. ಅಪ್ಪ ಒಂದು ಬ್ಯಾಂಕಿನ ಗುಮಾಸ್ತರು. ಆಗ ಬ್ಯಾಂಕಿಗೆ ಶನಿವಾರ ಅರ್ಧ ದಿನ. ಲೆಕ್ಕ ತಾಳೆ ನೋಡಿ, ಮನೆಗೆ ಬಂದು ಉಂಡು, ನಾಲ್ಕು ಗಂಟೆಯ ಬಸ್ಸು ಹಿಡಿದರೆ ರಾತ್ರಿಯ ತಾಳಮದ್ದಳೆಗೆ ಸರಿಯಾಗುತ್ತಿತ್ತು. ಅವರು ದೊಡ್ಡ ಅರ್ಥಧಾರಿಯಲ್ಲ. ವಿದುರ, ಅಕ್ರೂರ, ಸಂಜಯ, ಹೀಗೆ ಪಕ್ಕದ ಪಾತ್ರಗಳು. ಆದರೆ ವಾರವಿಡೀ ಅವರ ತಲೆಯಲ್ಲಿ ಆ ಪಾತ್ರ ಓಡುತ್ತಿತ್ತು. ಹಳೆಯ ಚಲನ್ನುಗಳ ಹಿಂಬದಿಯಲ್ಲಿ ವಿದುರನ ವಾದ ಬರೆದುಕೊಳ್ಳುತ್ತಿದ್ದರು. ಅರ್ಧ ದಿನದ ಬಿಡುವು ಉಳಿದ ಆರು ದಿನಗಳಿಗೂ ಹರಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಮನೆಯಲ್ಲೇ ತಾಳಮದ್ದಳೆ ಆದಾಗ ನಲವತ್ತು ಜನಕ್ಕೆ ಊಟ. ನಡುರಾತ್ರಿ ಚಹಾ, ಅವಲಕ್ಕಿ. ಚಾವಡಿಯಲ್ಲಿ ಸಂಧಾನದ ಮಾತು ರಂಗೇರುವಾಗ ಅಮ್ಮ ಒಳಗೆ ಒಲೆಯ ಮುಂದೆ. ಅರ್ಥ ಕಿವಿಗೆ ಬೀಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಮ್ಮನಿಗೆ ಶೋಭಾನೆ ಹಾಡುಗಳ ಹುಚ್ಚು. ಅವರ ಅಜ್ಜಿ ಹೇಳುತ್ತಿದ್ದ ಹಾಡುಗಳನ್ನು ಬರೆದಿಡಬೇಕೆಂದು ಇನ್ನೂರು ಪುಟದ ನೋಟುಬುಕ್ಕು ತಂದಿದ್ದರು. ಅವರು ಹೋದಮೇಲೆ ಅದು ನನ್ನ ಕೈಗೆ ಬಂತು. ಮೊದಲ ಹನ್ನೊಂದು ಪುಟಗಳಲ್ಲಿ ದುಂಡಗಿನ ಅಕ್ಷರದಲ್ಲಿ ಹಾಡುಗಳಿವೆ. ಹನ್ನೆರಡನೆಯ ಪುಟದಿಂದ ಹಾಲಿನ ಲೆಕ್ಕ. ಅಲ್ಲಿಂದ ಕೊನೆಯವರೆಗೂ ಹಾಲಿನ ಲೆಕ್ಕವೇ, ನಡುವೆ ಅಲ್ಲಲ್ಲಿ ತೆಂಗಿನಕಾಯಿಯದು. ನಾನು ಓದಿದ ದಾಖಲೆಗಳಲ್ಲಿ ಬಿಡುವಿನ ಚರಿತ್ರೆಯನ್ನು ಇದಕ್ಕಿಂತ ನೇರವಾಗಿ ಹೇಳಿದ್ದು ಇನ್ನೊಂದಿಲ್ಲ.

ಹೆಣ್ಣುಮಕ್ಕಳು ಸುಮ್ಮನಿದ್ದರು ಎಂದು ಇದರ ಅರ್ಥವಲ್ಲ. ಧಾರವಾಡದ ಕಡೆಯ ಕಸೂತಿ ನೋಡಿ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಎಂಬ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳನ್ನು ತೆಗೆಯುತ್ತಾರೆ. ಇದು ಮಧ್ಯಾಹ್ನದ ಕಲೆ. ಊಟದ ಪಾತ್ರೆ ತೊಳೆದಮೇಲೆ, ಸಂಜೆಯ ದೀಪ ಹಚ್ಚುವ ಮೊದಲು ಸಿಗುವ ಒಂದೆರಡು ಗಂಟೆಗಳಲ್ಲಿ ಹುಟ್ಟಿದ್ದು. ಯಾವಾಗ ಬೇಕಾದರೂ ಕೆಳಗಿಟ್ಟು ಏಳಬಹುದು, ಮತ್ತೆ ಬಂದು ಅದೇ ಎಳೆಯಿಂದ ಮುಂದುವರಿಸಬಹುದು. ಮಗು ಅತ್ತರೆ ನಿಲ್ಲಿಸಬೇಕಾದವರ ಕೈಗೆ ಒಗ್ಗಿದ ಕಲೆ ಅದು. ಅಕ್ಷರದ ಲೋಕಕ್ಕೆ ಬಂದವರದು ಇನ್ನೂ ಕಷ್ಟದ ದಾರಿ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ನಂಜನಗೂಡು ತಿರುಮಲಾಂಬ ಮನೆಯಲ್ಲೇ ಓದಿ, ಬರೆದು, ‘ಸತೀ ಹಿತೈಷಿಣೀ’ ಗ್ರಂಥಮಾಲೆ ನಡೆಸಿದರು. ತ್ರಿವೇಣಿಯವರು 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದರ ಆಸುಪಾಸು. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿಗಳು. ಹೆಣ್ಣಿನ ಮನಸ್ಸು ಮನೆಯೊಳಗೆ ಹೇಗೆ ಕುಸಿಯುತ್ತದೆ ಎಂಬುದನ್ನು ‘ಶರಪಂಜರ’ದಷ್ಟು ಹತ್ತಿರದಿಂದ ನೋಡಿದ ಕನ್ನಡ ಕಾದಂಬರಿಗಳು ಕಡಿಮೆ.

ಇದೆಲ್ಲ ಹಳೆಯ ಮಾತು ಎನ್ನಬೇಡಿ. ಭಾರತ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ಕೊಡುತ್ತಿದ್ದ ಸಮಯ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ ಮಾತ್ರ. ಹಾಗೆ ಕೈಹಾಕಿದವರು ನಾಲ್ವರಲ್ಲಿ ಒಬ್ಬರು. 1890ರ ಆ ಸಭೆಯಲ್ಲಿ ಎದ್ದು ಮಾತನಾಡಿದ ಇಬ್ಬರು ಹೆಂಗಸರಿಗೆ ಗಿರಣಿಯಿಂದ ಭಾನುವಾರ ಸಿಕ್ಕಿತು. ಒಲೆಯಿಂದ ಸಿಕ್ಕಿತೇ?

ಈ ಚರಿತ್ರೆಯಿಂದ ನಮ್ಮ ಶನಿವಾರ, ಭಾನುವಾರಗಳಿಗೆ ಏನು ದಕ್ಕುತ್ತದೆ? ನನಗೆ ನಾಲ್ಕು ಸಂಗತಿ ಕಾಣುತ್ತವೆ.

ಒಂದು, ಉಳಿದ ಹೊತ್ತಿನಲ್ಲಿ ಯಾರೂ ಏನನ್ನೂ ಕಟ್ಟಲಿಲ್ಲ, ಗೊತ್ತುಮಾಡಿದ ಹೊತ್ತಿನಲ್ಲಿ ಕಟ್ಟಿದರು. ಪತ್ತನಾಜೆಯ ನಂತರ, ಸುಗ್ಗಿಯ ನಂತರ, ಪಾಳಿ ಮುಗಿದ ನಂತರ, ನಾಲ್ಕರ ಬಸ್ಸಿಗೆ ಎಂದು ಹೊತ್ತಿಗೆ ಒಂದು ಹೆಸರಿತ್ತು. ‘ವೀಕೆಂಡಲ್ಲಿ ಯಾವಾಗಲಾದರೂ’ ಎಂಬುದು ಹೆಸರಿಲ್ಲದ ಹೊತ್ತು. ಅದನ್ನು ಫೋನು ಮೊದಲು ತಿನ್ನುತ್ತದೆ. ಎರಡು, ಜೊತೆ. ಹತ್ತು ಜನ ತಾಲೀಮಿಗೆ ಕಾಯುತ್ತಿದ್ದರೆ ಹನ್ನೊಂದನೆಯವನು ಬಂದೇ ಬರುತ್ತಾನೆ. ಬರೆಯುವವರಿಗೂ ಓದಿ ಹೇಳುವ ಒಬ್ಬ ಗೆಳೆಯನಾದರೂ ಬೇಕು. ಮೂರು, ಒಂದು ತಾರೀಖು. ಪ್ರಯೋಗದ ದಿನ ಗೊತ್ತಾಗಿದ್ದರೆ ಮಾತು ಬಾಯಿಗೆ ಬರುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಎರಡು ಗಂಟೆಯನ್ನು ಯಾರು ಹೊರುತ್ತಿದ್ದಾರೆ ಎಂದು ತಿರುಗಿ ನೋಡುವುದು. ನಿಮ್ಮ ಶನಿವಾರದ ಸಂಜೆ ಇನ್ನೊಬ್ಬರ ಪಾತ್ರೆ ತೊಳೆಯುವ ಸಂಜೆಯಾಗಿದ್ದರೆ, ಭಾನುವಾರದ ಬೆಳಿಗ್ಗೆಯನ್ನು ಅವರಿಗೆ ತಿರುಗಿ ಕೊಡಬೇಕು. ಸಹಾಯ ಮಾಡಿದೆ ಎಂಬ ಧಾಟಿಯಲ್ಲಿ ಬೇಡ. ಸಾಲ ತೀರಿಸುವ ಧಾಟಿಯಲ್ಲಿ.

ವಾರಾಂತ್ಯದ ಹವ್ಯಾಸದಿಂದ ಎಲ್ಲರೂ ಮಾಸ್ತಿಯವರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹವ್ಯಾಸಿ ಎಂದರೆ ಅರೆಬೆಂದವನು ಎಂಬ ಅರ್ಥ ಇತ್ತೀಚೆಗೆ ಕೇಳಿಸುತ್ತದೆ. ಮಾಡಿದ್ದನ್ನೆಲ್ಲ ಹಾಕಿ ತೋರಿಸಬೇಕು, ಲೈಕು ಬರಬೇಕು, ಸಾಧ್ಯವಾದರೆ ನಾಲ್ಕು ಕಾಸೂ ಬರಬೇಕು ಎಂಬ ಒತ್ತಡ ಬೇರೆ. ಫೋರ್ಡನ ಲೆಕ್ಕಾಚಾರ ಇಲ್ಲಿಗೂ ಬಂದು ಮುಟ್ಟಿದೆ. ಜೀವನವಿಡೀ ವಿದುರನ ಪಾತ್ರವನ್ನೇ ಮಾಡಿದ ಸಾವಿರಾರು ಗುಮಾಸ್ತರು, ಮೇಷ್ಟ್ರುಗಳು ಇಲ್ಲದೆ ತಾಳಮದ್ದಳೆ ಉಳಿಯುತ್ತಿರಲಿಲ್ಲ. ಹೆಸರಿಲ್ಲದ ಕೈಗಳಿಲ್ಲದೆ ಕಸೂತಿ ಉಳಿಯುತ್ತಿರಲಿಲ್ಲ. ಕಲೆಯೊಂದು ಉಳಿಯುವುದು ಅದನ್ನು ಸುಮಾರಾಗಿ, ಆದರೆ ತಪ್ಪದೆ ಮಾಡುವವರಿಂದ.

ನೋಟುಬುಕ್ಕಿನ ಆ ಹನ್ನೊಂದು ಪುಟಗಳ ಮುಂದಿನ ಹಾಡುಗಳು ನನ್ನ ಚಿಕ್ಕಮ್ಮನಿಗೆ ಗೊತ್ತಿವೆ. ಅವರಿಗೆ ಈಗ ಎಪ್ಪತ್ತೆಂಟು. ಎರಡನೆಯ ಶನಿವಾರ ಅವರ ಮಗ ಅಡುಗೆ ಮಾಡುತ್ತಾನೆ. ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಇಲ್ಲಿಯವರೆಗೆ ಮೂವತ್ತನಾಲ್ಕು ಹಾಡುಗಳಾಗಿವೆ.